ಗುಜರಿಗೆ ಹಾಕುವ ಮುನ್ನ

ಗಡಿಯಾರ ರಿಪೇರಿ ಅಂಗಡಿ ಮುಚ್ಚಿದಾಗ ಅಲ್ಲಿನ ಹಳೆಯ ಉಪಕರಣಗಳು ತೂಕದ ಲೆಕ್ಕದಲ್ಲಿ ಗುಜರಿ ಸೇರುವುದುಂಟು. ಏನೆಂದು ಗೊತ್ತಾದರೆ ಅವು ಉಳಿದಾವು.

ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ಉಕ್ಕಿನ ಕಡ್ಡಿಗಳು, ಜೊತೆಗೊಂದು ಬಾಗಿದ ಚೌಕಟ್ಟು, ಅದರಡಿ ಬೇರೆ ಬೇರೆ ಅಳತೆಯ ತೂತುಗಳಿರುವ, ತಿರುಗುವ ಬಿಲ್ಲೆ: ಇದು ಸ್ಟೇಕಿಂಗ್ ಸೆಟ್. ಬ್ಯಾಲೆನ್ಸ್ ಚಕ್ರಕ್ಕೆ ಹೊಸ ಅಚ್ಚು ಕೂರಿಸಲು ಇದು ಬೇಕು. ಪುಟ್ಟ ಡಬ್ಬಿಗೆ ತಿರುಗಿಸುವ ಹಿಡಿಕೆಯಿದ್ದರೆ ಅದು ಮೇನ್‌ಸ್ಪ್ರಿಂಗ್ ಸುತ್ತುವ ಸಾಧನ. ಸಮಾನಾಂತರವಾದ ಎರಡು ನುಣುಪು ಅಂಚುಗಳಿದ್ದರೆ ಪಾಯ್ಸಿಂಗ್ ಟೂಲ್. ಅದರ ಮೇಲೆ ಚಕ್ರ ಉರುಳಿಸಿದರೆ ಭಾರದ ಬದಿ ಕೆಳಗೆ ಬಂದು ನಿಲ್ಲುತ್ತದೆ.

ಬಳಿಕ ಭೂತಗನ್ನಡಿ ಹಿಡಿದು ಕೆತ್ತಿದ ಹೆಸರು ಹುಡುಕಿ. ಬರ್ಜಿಯಾನ್ ಸ್ವಿಜರ್ಲೆಂಡಿನದು, ಬೋಲಿ ಜರ್ಮನಿಯದು, ಕೆ ಅಂಡ್ ಡಿ ಅಮೆರಿಕದ್ದು.

ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ವಾಚು ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಆದರೂ ಅಪ್ಪ ಕಟ್ಟುತ್ತಿದ್ದ ಕೀಲಿ ಕೊಡುವ ‘ಜನತಾ’ ವಾಚು ನಮ್ಮಲ್ಲಿ ಅನೇಕರ ಕಪಾಟಿನಲ್ಲಿದೆ. ಅದನ್ನು ಮತ್ತೆ ನಡೆಸಲು ಇಂಥವೇ ಉಪಕರಣಗಳು ಬೇಕು. ಆದ್ದರಿಂದ ಪೆಟ್ಟಿಗೆ ಸಿಕ್ಕರೆ ಕಡ್ಡಿಗಳನ್ನು ಚದುರಿಸದೆ, ಇಡೀ ಸೆಟ್ಟನ್ನು ರಿಪೇರಿ ಬಲ್ಲವರ ಕೈಗೇ ಕೊಡಿ.