ಕಪ್ಪೆ ದಾಟದ ಬಯಲು

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಸುರಂಗ ಎಣಿಸುತ್ತ ರೈಲಿನಲ್ಲಿ ಇಳಿದವರಿಗೆ ಕೊಯಮತ್ತೂರು–ಪಾಲಕ್ಕಾಡ್ ಹಾದಿ ಘಟ್ಟವೆಂದೇ ಅನ್ನಿಸದು. ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ. ಎರಡೂ ಕಡೆ 2,600 ಮೀಟರ್ ಮೀರಿದ ಶಿಖರಗಳು. ನಡುವೆ ಸುಮಾರು 30 ಕಿಲೋಮೀಟರ್ ಅಗಲದ ಬಯಲು. ಗಾಳಿ ದಾಟಿತು, ವ್ಯಾಪಾರಿಗಳು ದಾಟಿದರು. ಪೊದೆಗಪ್ಪೆ ಮಾತ್ರ ದಾಟಿದ್ದು ಅಪರೂಪಕ್ಕೆ.

ಮಳೆ ಹಿಡಿದ ಸಂಜೆ ಮಲೆನಾಡಿನ ಕಾಫಿ ತೋಟದಲ್ಲಿ ‘ಟಿಕ್ ಟಿಕ್’ ಸದ್ದಿನ ಬೆನ್ನು ಹತ್ತಿ ಟಾರ್ಚ್ ಹಿಡಿದರೆ ಇದು ಕಂಡೀತು. ಎಲೆಯ ಮೇಲೆ ಹೆಬ್ಬೆರಳಿನ ತುದಿಯಷ್ಟು ಜೀವ. ಕೂಗಿದಾಗ ಉಬ್ಬುವ ಗಂಟಲಚೀಲವೇ ಮೈಗಿಂತ ದೊಡ್ಡದೇನೋ ಅನ್ನಿಸುತ್ತದೆ. ಇದಕ್ಕೆ ಗೊದಮೊಟ್ಟೆಯ ಬಾಲ್ಯವಿಲ್ಲ, ಮೊಟ್ಟೆಯೊಡೆದು ಬರುವುದೇ ಮರಿಕಪ್ಪೆ. ಕೆರೆ, ಹಳ್ಳದ ಹಂಗಿಲ್ಲದ ಮೇಲೆ ಎಲ್ಲಿಗಾದರೂ ಹೋಗಬಹುದಲ್ಲ ಎನ್ನಬೇಡಿ. ಮೊಟ್ಟೆ ಒಣಗದಿರಲು ಗಾಳಿಯೇ ಒದ್ದೆಯಾಗಿರಬೇಕು. ಪಾಲಕ್ಕಾಡಿನ ಬಿಸಿಲು ಅದಕ್ಕೆ ಗೋಡೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ಘಟ್ಟದುದ್ದಕ್ಕೂ ಈ ಕಪ್ಪೆಗಳನ್ನು ಹುಡುಕಿ, ಡಿಎನ್‌ಎ ಹೋಲಿಸಿ, 2016ರಲ್ಲಿ ಅವುಗಳ ವಂಶಾವಳಿ ಬಿಡಿಸಿಟ್ಟರು. ಹಳೆಯ, ಆಳವಾದ ಕವಲುಗಳಲ್ಲಿ ಪಾಲಕ್ಕಾಡ್ ಮತ್ತು ಅದರ ದಕ್ಷಿಣಕ್ಕಿರುವ ಶೆಂಕೋಟ್ಟೈ ಕಂಡಿಗಳ ಗುರುತಿತ್ತು. ಆಮೇಲಿನ ಕವಲುಗಳಿಗೆ ಬೆಟ್ಟದ ಎತ್ತರ, ಹಿಮಯುಗಗಳ ಏರಿಳಿತ ಕಾರಣವಾಗಿದ್ದವು.

ಘಟ್ಟದಲ್ಲಿ ಹಿಮ ಹೆಪ್ಪುಗಟ್ಟಲಿಲ್ಲ ನಿಜ, ಆದರೆ ಮುಂಗಾರು ಸೊರಗಿತು. ಸಾಕ್ಷಿ ನೀಲಗಿರಿಯ ಜೌಗಿನಲ್ಲಿದೆ. ಪದರ ಪದರವಾಗಿ ಕೂತ ಕೊಳೆತ ಸಸ್ಯರಾಶಿಯಲ್ಲಿ ಬಯಲ ಹುಲ್ಲಿನ ಇಂಗಾಲದ ಗುರುತೇ ಬೇರೆ, ಮರದ್ದೇ ಬೇರೆ. ಪರಿಸರ ವಿಜ್ಞಾನಿ ರಾಮನ್ ಸುಕುಮಾರ್ ತಂಡ 1993ರಲ್ಲಿ ಅದನ್ನು ಓದಿದಾಗ, ಸುಮಾರು 20 ಸಾವಿರ ವರ್ಷಗಳ ಹಿಂದೆ ಅಲ್ಲಿ ಒಣಹವೆಯ ಹುಲ್ಲು ಮೇಲುಗೈ ಪಡೆದಿದ್ದು ತಿಳಿಯಿತು. ಅಂಥ ಹಿಮಯುಗಗಳು ಕಳೆದ 26 ಲಕ್ಷ ವರ್ಷಗಳಲ್ಲಿ ಎಷ್ಟೋ ಸಲ ಬಂದುಹೋಗಿವೆ. ಪ್ರತಿಸಲವೂ ಕಾಡು ತೇವದ ಕಣಿವೆಗಳಿಗೆ ಸರಿದಿರಬೇಕು, ಜೊತೆಗೆ ಕಪ್ಪೆಯೂ. ಮಳೆ ಮರಳಿ ಕಾಡುಗಳು ಕೂಡಿಕೊಂಡರೂ ಬಹುಕಾಲ ಅಗಲಿದ್ದ ದಾಯಾದಿಗಳು ಒಂದಾಗಲೇಬೇಕೆಂದೇನಿಲ್ಲ.

ದಾಯಾದಿಗಳು ಅಗಲಲು ಬೆಟ್ಟದ ಎರಡು ಮಗ್ಗುಲಿಗೆ ಎರಡು ಮಳೆಗಾಲವಿದ್ದರೂ ಸಾಕು. ಘಟ್ಟದ ಇನ್ನೊಂದು ಕಪ್ಪೆಯ ಕತೆ ನೋಡಿ. ವರ್ಷದ ಬಹುಪಾಲು ಮಣ್ಣೊಳಗೇ ಕಳೆಯುವ ಹಂದಿಮೂತಿಯ ಕಪ್ಪೆಯನ್ನು 2003ರಲ್ಲಿ ವಿಜ್ಞಾನ ಹೆಸರಿಸಿತು. ಅದರ ಸೋದರ ಜಾತಿ 2017ರಲ್ಲಿ ಶ್ರೀವಿಲ್ಲಿಪುತ್ತೂರಿನ ಬಳಿಯ ಪೂರ್ವದ ಇಳಿಜಾರಿನಿಂದ ವರದಿಯಾಯಿತು. ಪಡುವಣದ್ದು ಮುಂಗಾರಿಗೆ ಮೇಲೆದ್ದು ಮೊಟ್ಟೆಯಿಡುತ್ತದೆ. ಮೂಡಣದ್ದು ಹಿಂಗಾರು ಬರಲೆಂದು ಮಣ್ಣಿನಡಿ ಕಾಯುತ್ತದೆ.