ಮಗುವಿನ ಕಡೆಯವರು ಯಾರು?

ಡೇವಿಡ್ ಸೂಕಪ್ ಅವರಿಗೆ ರಾತ್ರಿ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿ, ಕಿಂಗ್ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ಅವರು ನ್ಯಾಯಾಧೀಶರಾಗಿದ್ದರು. 1976ರಲ್ಲಿ ಮಕ್ಕಳ ನ್ಯಾಯಾಲಯದ ಹೊಣೆ ಅವರ ಮೇಲಿತ್ತು. ಮನೆಯವರ ಕೈಯಲ್ಲೇ ಏಟು ತಿಂದ ಮಕ್ಕಳು, ಹೊತ್ತಿಗೆ ಅನ್ನ ಕಾಣದ ಮಕ್ಕಳು, ನೋಡಿಕೊಳ್ಳುವವರಿಲ್ಲದೆ ದಿನಗಟ್ಟಲೆ ಒಂಟಿಯಾಗಿ ಬಿದ್ದಿದ್ದ ಮಕ್ಕಳು: ಇವರೆಲ್ಲರ ಫೈಲುಗಳು ಅವರ ಮೇಜಿಗೆ ಬರುತ್ತಿದ್ದವು. ಮಗುವನ್ನು ಮನೆಗೆ ಕಳಿಸಬೇಕೋ, ಮನೆಯಿಂದ ಬಿಡಿಸಬೇಕೋ ಎಂದು ಅವರು ತೀರ್ಮಾನಿಸಬೇಕಿತ್ತು. ಕಳಿಸಿದರೆ ಮತ್ತೆ ಏಟು ಬೀಳಬಹುದು, ಈ ಸಲ ಮಗು ಉಳಿಯದೆಯೂ ಹೋಗಬಹುದು. ಬಿಡಿಸಿದರೆ ಆ ಮಗು ತನಗೆ ಗೊತ್ತಿದ್ದ ಒಂದೇ ಮನೆಯನ್ನು, ಒಬ್ಬಳೇ ತಾಯಿಯನ್ನು ಕಳೆದುಕೊಳ್ಳುತ್ತದೆ. ತಪ್ಪು ಎತ್ತ ಕಡೆ ಆದರೂ ಅದರ ಬೆಲೆ ತೆರುವುದು ಮಗು.

ಆ ವರ್ಷ ಮೂರು ವರ್ಷದ ಒಂದು ಹೆಣ್ಣುಮಗುವಿನ ಪ್ರಕರಣ ಅವರ ಮುಂದೆ ಬಂತು. ಮಗುವಿನ ಮೇಲೆ ಹಲ್ಲೆ ನಡೆದಿರುವ ಶಂಕೆಯಿತ್ತು. ತಂದೆತಾಯಿಯ ಪರ ವಕೀಲರು ಮಾತಾಡಿದರೆ ಅದು ತಂದೆತಾಯಿಯ ಮಾತು. ಸರ್ಕಾರಿ ಇಲಾಖೆಯವರು ಮಾತಾಡಿದರೆ ಅದು ಇಲಾಖೆಯ ಮಾತು. ಇಲಾಖೆಯ ಸೋಷಿಯಲ್ ವರ್ಕರ್ ಕೈಯಲ್ಲಿ ಹತ್ತಾರು ಮಕ್ಕಳ ಫೈಲುಗಳಿರುತ್ತವೆ, ಒಂದು ಮಗುವಿನ ಮನೆಗೆ ಇನ್ನೊಮ್ಮೆ ಹೋಗಿ ಬರಲು ಬಿಡುವಿರುವುದಿಲ್ಲ. ಹಾಗಾದರೆ ಈ ಮೂರು ವರ್ಷದವಳ ಕಡೆಯವರು ಯಾರು? ಅವಳಿಗೆ ಏನು ಒಳ್ಳೆಯದು ಎಂದು ನನಗೆ ಹೇಳುವವರು ಯಾರು? ಸೂಕಪ್ ಅವರ ನಿದ್ದೆ ಕೆಡಿಸಿದ್ದು ಈ ಪ್ರಶ್ನೆ.

ಮಗುವಿಗಾಗಿ ಕೋರ್ಟಿನ ಬಾಗಿಲು ತಟ್ಟಿದ ಕತೆ ಅದಕ್ಕಿಂತ ನೂರು ವರ್ಷ ಹಿಂದಿನದು. 1874ರಲ್ಲಿ ನ್ಯೂಯಾರ್ಕಿನ ಬಡವರ ಬೀದಿಗಳಲ್ಲಿ ಓಡಾಡುತ್ತಿದ್ದ ಎಟ್ಟಾ ವೀಲರ್ ಎಂಬ ಚರ್ಚ್ ಕಾರ್ಯಕರ್ತೆಗೆ ಮೇರಿ ಎಲೆನ್ ಎಂಬ ಹುಡುಗಿಯ ಸುದ್ದಿ ಸಿಕ್ಕಿತು. ಸುಮಾರು ಹತ್ತು ವರ್ಷದವಳು. ಸಾಕುತಾಯಿ ದಿನಾ ಬಾರಿಸುತ್ತಿದ್ದಳು, ಹೊರಗೆ ಬಿಡುತ್ತಿರಲಿಲ್ಲ. ವೀಲರ್ ಎಲ್ಲೆಲ್ಲಿ ಕೇಳಿದರೂ ಇದು ನಮಗೆ ಸೇರಿದ್ದಲ್ಲ ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್ ಅವರ ಬಳಿ ಹೋದರು. ಪ್ರಾಣಿಗಳ ಕಾಯ್ದೆಯಡಿಯಲ್ಲೇ ಆ ಹುಡುಗಿಯನ್ನು ಬಿಡಿಸಿದರು ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಅದು ನಿಜವಲ್ಲ. ಬರ್ಗ್ ಒಬ್ಬ ಸಾಮಾನ್ಯ ನಾಗರಿಕನಾಗಿ ಕೈಹಾಕಿದರು. ಅವರ ವಕೀಲ ಎಲ್‌ಬ್ರಿಡ್ಜ್ ಗೆರಿ ಹೇಬಿಯಸ್ ಕಾರ್ಪಸ್ (ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ಹಾಜರುಪಡಿಸುವ) ಕಾನೂನಿನ ಒಂದು ಕಲಮನ್ನು ಹುಡುಕಿ ತೆಗೆದು ಮಗುವನ್ನು ಕೋರ್ಟಿಗೆ ಕರೆಸಿದರು. ಗಾಡಿಯ ಕಂಬಳಿಯಲ್ಲಿ ಸುತ್ತಿ ತಂದ ಆ ಹುಡುಗಿಯ ಮುಖದ ಮೇಲೆ ಕತ್ತರಿಯ ಗಾಯವಿತ್ತು. ಸಾಕುತಾಯಿಗೆ ಒಂದು ವರ್ಷ ಸಜೆಯಾಯಿತು. ಅದರ ಬೆನ್ನಲ್ಲೇ ನ್ಯೂಯಾರ್ಕಿನಲ್ಲಿ ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘ ಹುಟ್ಟಿತು. ವೀಲರ್ ವಕೀಲೆಯಲ್ಲ, ಅಧಿಕಾರಿಯೂ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಒಂದು ಮಗುವಿನ ಬೆನ್ನು ಬಿಡದೆ ನಡೆದ ಹೆಂಗಸು ಅವರು, ಅಷ್ಟೇ.

ಆಮೇಲಿನ ದಶಕಗಳಲ್ಲಿ ಈ ವಿಷಯ ಮತ್ತೆ ಮನೆಯ ಗೋಡೆಯೊಳಗೇ ಸೇರಿಕೊಂಡಿತು. ಹೊರಗೆ ಎಳೆದವರು ವೈದ್ಯರು. 1962ರಲ್ಲಿ ಡೆನ್ವರಿನ ಮಕ್ಕಳ ತಜ್ಞ ಹೆನ್ರಿ ಕೆಂಪ್ ಮತ್ತು ಸಂಗಡಿಗರು, ಏಟು ತಿಂದ ಮಕ್ಕಳ ಲಕ್ಷಣಗಳನ್ನು ವಿವರಿಸಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಲೇಖನ ಬರೆದರು. ಬಿದ್ದು ಕೈ ಮುರಿಯಿತು ಎಂದು ಹೆತ್ತವರು ಹೇಳಿದರೂ ಎಕ್ಸ್‌ರೇಯಲ್ಲಿ ಬೇರೆ ಬೇರೆ ಕಾಲದಲ್ಲಿ ಮುರಿದು ಕೂಡಿದ ಮೂಳೆಗಳು ಕಾಣುತ್ತಿದ್ದವು. ಕೆಲವೇ ವರ್ಷಗಳಲ್ಲಿ, ಇಂಥದ್ದು ಕಂಡರೆ ವರದಿ ಮಾಡಲೇಬೇಕೆಂಬ ಕಾನೂನು ರಾಜ್ಯರಾಜ್ಯಗಳಲ್ಲಿ ಬಂತು. ವರದಿಗಳು ಬಂದವು, ವರದಿಗಳ ಹಿಂದೆ ಮಕ್ಕಳು ಬಂದರು, ಮಕ್ಕಳ ನ್ಯಾಯಾಲಯಗಳು ತುಂಬಿಹೋದವು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. 1967ರಲ್ಲಿ ಗಾಲ್ಟ್ ಎಂಬ ಹುಡುಗನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ತಪ್ಪು ಮಾಡಿದ ಆರೋಪ ಹೊತ್ತ ಮಕ್ಕಳಿಗೆ ವಕೀಲರನ್ನು ಹೊಂದುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಬಹಳ ದೊಡ್ಡ ತೀರ್ಪು ಅದು. ಆದರೆ ಅದು ಮುಟ್ಟಿದ್ದು ಆರೋಪಿ ಮಕ್ಕಳನ್ನು ಮಾತ್ರ. ಕದ್ದ ಹುಡುಗನಿಗೆ ವಕೀಲರು ಸಿಗುತ್ತಿದ್ದರು. ಏಟು ತಿಂದ ಮಗುವಿಗೆ ಅದೇ ಹಕ್ಕು ಇರಲಿಲ್ಲ. 1974ರಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಕಾಯ್ದೆ ಮಾಡಿ, ಕೇಂದ್ರದ ಹಣ ಬೇಕಾದ ರಾಜ್ಯಗಳು ಇಂಥ ಪ್ರತಿ ಮಗುವಿಗೂ ಕೋರ್ಟಿನಲ್ಲಿ ಒಬ್ಬ ಪಾಲಕರನ್ನು ನೇಮಿಸಬೇಕು ಎಂಬ ಷರತ್ತು ಹಾಕಿತು. ಆ ಪಾಲಕರು ಯಾರು ಎಂದು ಕಾಯ್ದೆ ಬಿಡಿಸಿ ಹೇಳಲಿಲ್ಲ. ಹಲವು ಕಡೆ ವಕೀಲರನ್ನೇ ನೇಮಿಸಿದರು. ಅವರಿಗೂ ಕೈತುಂಬ ಕೇಸು, ಮಗುವಿನ ಮುಖ ನೋಡುವುದು ವಿಚಾರಣೆಗೆ ಸ್ವಲ್ಪ ಮೊದಲು.

ಸೂಕಪ್ ಅವರಿಗೆ ಹೊಳೆದದ್ದು ಇಲ್ಲಿ. ಕೊರತೆ ಕಾನೂನಿನದಲ್ಲ, ಕಾನೂನು ತಿಳಿದವರದೂ ಅಲ್ಲ. ಕೊರತೆ ಸಮಯದ್ದು. ಒಂದು ಮಗುವಿನ ಬಳಿ ಹೋಗಿ ಕೂರಲು, ಅದರ ಟೀಚರನ್ನು, ಅಜ್ಜಿಯನ್ನು, ಪಕ್ಕದ ಮನೆಯವರನ್ನು ಮಾತಾಡಿಸಲು ಹೊತ್ತಿರುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಊರಿನ ಯಾರೇ ಆಗಿರಬಹುದಲ್ಲ? ತರಬೇತಿ ಕೊಟ್ಟು, ಪ್ರಮಾಣ ಬೋಧಿಸಿ, ಕೋರ್ಟಿನ ಆದೇಶ ಕೈಗಿತ್ತರೆ ಸಾಲದೇ?

ಅವರು ಮಾಡಿದ್ದು ಇಷ್ಟೇ. ತಮ್ಮ ಕೋರ್ಟಿನ ಬೇಲಿಫ್‌ಗೆ (ನಮ್ಮಲ್ಲಿ ಬೆಂಚ್ ಕ್ಲರ್ಕ್ ಮಾಡುವ ಕೆಲಸಕ್ಕೆ ಹತ್ತಿರದ ಹುದ್ದೆ ಅದು) ಹೇಳಿ, ಆಸಕ್ತಿ ಇರಬಹುದಾದ ನಾಲ್ಕೈದು ಜನರಿಗೆ ಫೋನ್ ಮಾಡಿಸಿದರು. ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಬನ್ನಿ, ಊಟ ಮಾಡುತ್ತಾ ಮಾತಾಡೋಣ ಎಂದು ಕರೆ ಹೋಯಿತು. ಊಟದ ಹೊತ್ತಿಗೆ ನ್ಯಾಯಾಧೀಶರು ಕೋಣೆಯೊಳಗೆ ಕಾಲಿಟ್ಟಾಗ ಅಲ್ಲಿ 50 ಜನ ಇದ್ದರು.

ಈ ಕತೆಯಲ್ಲಿ ನಿಜವಾದ ಆವಿಷ್ಕಾರ ನಡೆದದ್ದು ಆ ಕೋಣೆಯಲ್ಲಿ ಎಂದೇ ನಾನು ನಂಬಿದ್ದೇನೆ. ಯೋಜನೆ ಹೊಳೆದದ್ದು ನ್ಯಾಯಾಧೀಶರಿಗೆ ಹೌದು. ಆದರೆ ಊರಿನಲ್ಲಿ ಇಂಥ ಜನ ಇದ್ದಾರೆ, ಕರೆದರೆ ಬರುತ್ತಾರೆ, ಇಷ್ಟು ದಿನ ಯಾರೂ ಕರೆದಿರಲಿಲ್ಲ ಅಷ್ಟೇ ಎಂಬುದು ಗೊತ್ತಾದದ್ದು ಆ ಮಧ್ಯಾಹ್ನ. 1977ರ ಜನವರಿಯಲ್ಲಿ ಕಾರ್ಯಕ್ರಮ ಶುರುವಾಯಿತು. ಮೊದಲ ವರ್ಷವೇ 110 ಸ್ವಯಂಸೇವಕರು 498 ಮಕ್ಕಳ ಪರವಾಗಿ ಕೆಲಸ ಮಾಡಿದರು.

ಆ ಕೆಲಸ ಹೇಗಿರುತ್ತದೆ? ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಎಂಟು ವರ್ಷದ ಹುಡುಗಿ, ಅವಳ ತಮ್ಮನಿಗೆ ನಾಲ್ಕು. ತಾಯಿ ಕುಡಿತದ ಚಟಕ್ಕೆ ಬಿದ್ದಿದ್ದಾಳೆ. ಮಕ್ಕಳಿಬ್ಬರನ್ನೂ ಕೋರ್ಟು ಸದ್ಯಕ್ಕೆ ಬೇರೆ ಬೇರೆ ಫಾಸ್ಟರ್ (ತಾತ್ಕಾಲಿಕ ಸಾಕು) ಮನೆಗಳಲ್ಲಿ ಇರಿಸಿದೆ. ಸ್ವಯಂಸೇವಕಿ ಮೊದಲು ಫೈಲು ಓದುತ್ತಾರೆ. ಕೋರ್ಟಿನ ಆದೇಶ ತೋರಿಸಿದರೆ ಶಾಲೆಯ ಹಾಜರಿ, ಆಸ್ಪತ್ರೆಯ ದಾಖಲೆ ನೋಡಲು ಸಿಗುತ್ತವೆ. ಹುಡುಗಿಯನ್ನು ನೋಡಲು ಹೋದ ಮೊದಲ ದಿನ ಅವಳು ಬಾಯಿ ಬಿಡುವುದಿಲ್ಲ. ಇವರೂ ಒತ್ತಾಯ ಮಾಡುವುದಿಲ್ಲ. ಅವಳ ಜೊತೆ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಾರೆ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಅವಳಾಗಿಯೇ ಕೇಳುತ್ತಾಳೆ: “ತಮ್ಮನಿಗೆ ರಾತ್ರಿ ದೀಪ ಹಾಕಿಡ್ತಾರಾ?” ಇಷ್ಟು ದಿನ ತಾಯಿಯ ಮನೆಯಲ್ಲಿ ತಮ್ಮನನ್ನು ಮಲಗಿಸುತ್ತಿದ್ದವಳು ಇವಳು ಎಂಬುದು ಯಾವ ಫೈಲಿನಲ್ಲೂ ಬರೆದಿರಲಿಲ್ಲ.

ಶಾಲೆಗೆ ಹೋದರೆ ಟೀಚರು ಹೇಳುತ್ತಾರೆ, ಹುಡುಗಿ ಸೋಮವಾರ ಮಾತ್ರ ಮಂಕಾಗಿರುತ್ತಾಳೆ. ತಾಯಿ ಬಂದು ನೋಡಿಹೋಗುವುದು ಭಾನುವಾರ. ಹಾಗಾದರೆ ತಾಯಿಯ ಭೇಟಿ ನಿಲ್ಲಿಸಬೇಕೇ? ಆತುರದಲ್ಲಿ ಓದಿದವರು ಹಾಗೇ ಬರೆದುಬಿಡುತ್ತಾರೆ. ಅವಳಿಗೆ ತಾಯಿಯೆಂದರೆ ಭಯವೋ, ತಾಯಿ ಎದ್ದುಹೋಗುವಾಗಿನ ಸಂಕಟವೋ ಎಂದು ತಿಳಿಯಬೇಕಾದರೆ ಭಾನುವಾರ ಆ ಭೇಟಿಯ ಹೊತ್ತಿಗೆ ಅಲ್ಲೇ ಇರಬೇಕು, ಒಂದು ಭಾನುವಾರವಲ್ಲ, ಹಲವು. ಅದಕ್ಕೇ ಸಾಮಾನ್ಯವಾಗಿ ಒಬ್ಬ ಸ್ವಯಂಸೇವಕರಿಗೆ ಒಂದೋ ಎರಡೋ ಪ್ರಕರಣ ಮಾತ್ರ ಕೊಡುವುದು. ವಿಚಾರಣೆಗೆ ಮೊದಲು ಅವರು ನ್ಯಾಯಾಧೀಶರಿಗೆ ಲಿಖಿತ ವರದಿ ಕೊಡುತ್ತಾರೆ: ನಾನು ಕಂಡದ್ದು ಇದು, ಕೇಳಿದ್ದು ಇದು, ಮಗು ಬಯಸುವುದು ಇದು, ಮಗುವಿನ ಹಿತಕ್ಕೆ ಆಗಬೇಕಾದದ್ದು ಇದು ಎಂದು ನನಗೆ ತೋರುತ್ತದೆ. ಅಕ್ಕ ತಮ್ಮ ಒಂದೇ ಮನೆಯಲ್ಲಿರಲಿ ಎಂಬ ಒಂದು ಸಾಲು ಆ ವರದಿಯಲ್ಲಿ ಬಂದರೆ ಎರಡು ಜೀವಗಳ ದಾರಿ ಬದಲಾಗಬಹುದು. ತೀರ್ಪು ನ್ಯಾಯಾಧೀಶರದೇ. ಸ್ವಯಂಸೇವಕರು ಮಗುವನ್ನು ತಮ್ಮ ಮನೆಗೆ ಕರೆದೊಯ್ಯುವಂತಿಲ್ಲ, ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಪ್ರಕರಣ ನಡೆಯುವ ವರ್ಷಗಳಲ್ಲಿ ಸೋಷಿಯಲ್ ವರ್ಕರ್ ಬದಲಾಗುತ್ತಾರೆ, ವಕೀಲರು ಬದಲಾಗುತ್ತಾರೆ, ಮಗು ಇರುವ ಮನೆಯೂ ಬದಲಾಗುತ್ತದೆ. ಎಷ್ಟೋ ಮಕ್ಕಳ ಪಾಲಿಗೆ ಬದಲಾಗದೆ ಉಳಿಯುವ ಒಂದೇ ಮುಖ ಇವರದು.

ಸಿಯಾಟಲ್‌ನ ಸುದ್ದಿ ಬೇಗ ಹರಡಿತು. ಬೇರೆ ಊರುಗಳ ನ್ಯಾಯಾಧೀಶರೂ ಇದನ್ನು ಅಳವಡಿಸಿಕೊಂಡರು. ಯಹೂದಿ ಮಹಿಳೆಯರ ರಾಷ್ಟ್ರೀಯ ಮಂಡಳಿಯಂಥ ಸಂಸ್ಥೆಗಳು ತಮ್ಮ ತಮ್ಮ ಊರುಗಳಲ್ಲಿ ಇದನ್ನು ನೆಲೆಗೊಳಿಸಲು ದುಡಿದವು. 1982ರಲ್ಲಿ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಕೋರ್ಟೇ ನೇಮಿಸುವ ವಿಶೇಷ ಪ್ರತಿನಿಧಿ ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ‘ಕಾಸಾ’ ಎಂದು ಕರೆಯುತ್ತಾರೆ. 1990ರಲ್ಲಿ ಕೇಂದ್ರದ ಕಾಯ್ದೆಯೊಂದು ಈ ಕಾರ್ಯಕ್ರಮವನ್ನು ದೇಶದಾದ್ಯಂತ ಹಬ್ಬಿಸಲು ಬೆಂಬಲ ಕೊಟ್ಟಿತು. ಈಗ 900ಕ್ಕೂ ಹೆಚ್ಚು ಸ್ಥಳೀಯ ಘಟಕಗಳಿವೆ. ಹೊಸಬರಿಗೆ ಕನಿಷ್ಠ 30 ಗಂಟೆ ತರಬೇತಿ, ಹಿನ್ನೆಲೆ ಪರಿಶೀಲನೆ, ಕೊನೆಗೆ ನ್ಯಾಯಾಧೀಶರ ಎದುರು ಪ್ರಮಾಣ.

ಟೀಕೆಗಳೂ ಇವೆ, ಅವನ್ನು ಪಕ್ಕಕ್ಕೆ ತಳ್ಳುವುದು ಸರಿಯಲ್ಲ. ಸ್ವಯಂಸೇವಕರಲ್ಲಿ ಹೆಚ್ಚಿನವರು ಅನುಕೂಲಸ್ಥ ಬಿಳಿಯ ಮಹಿಳೆಯರು. ಕೋರ್ಟಿಗೆ ಬರುವ ಕುಟುಂಬಗಳು ಬಹಳ ಸಲ ಬಡವರವು, ಕಪ್ಪು ಜನರವು, ಮೂಲನಿವಾಸಿಗಳವು. ಬಡತನವನ್ನೇ ನಿರ್ಲಕ್ಷ್ಯ ಎಂದು ಓದಿಬಿಡುವ ಅಪಾಯ ಇಲ್ಲಿ ನಿಜವಾಗಿಯೂ ಇದೆ. ಟೆಕ್ಸಾಸ್ ರಾಜ್ಯದ ಮಕ್ಕಳ ಬಗ್ಗೆ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸ್ವಯಂಸೇವಕರಿದ್ದ ಮಕ್ಕಳು ಹೆತ್ತವರ ಮನೆಗೆ ಮರಳುವ ಸಾಧ್ಯತೆ ಕಡಿಮೆ ಎಂದು ಕಂಡುಕೊಂಡಿತು. ಮಗು ಬಯಸಿದ್ದನ್ನು ವಾದಿಸುವುದು ವಕೀಲರ ಕರ್ತವ್ಯ. ತಮಗೆ ಹಿತವೆಂದು ಕಂಡದ್ದನ್ನು ಹೇಳುವುದು ಸ್ವಯಂಸೇವಕರ ಕೆಲಸ. ಮಗುವಿಗೆ ಎರಡೂ ಬೇಕು ಎನ್ನುವವರ ಪಕ್ಷ ನನ್ನದು. ಒಳ್ಳೆಯ ಮನಸ್ಸು ಒಂದಿದ್ದರೆ ಸಾಲದು. ಆ ಕುಟುಂಬದ ಬದುಕನ್ನು ಬಲ್ಲವರು, ಅದೇ ಕೇರಿಯಿಂದ ಬಂದವರು ಈ ಕೆಲಸಕ್ಕೆ ಇನ್ನೂ ಹೆಚ್ಚು ಬರಬೇಕು. ತಪ್ಪುಗಳಿವೆಯೆಂದು ಮಗುವಿನ ಪಕ್ಕದ ಕುರ್ಚಿಯನ್ನು ಮತ್ತೆ ಖಾಲಿ ಮಾಡಿದರೆ ನಷ್ಟ ಮಗುವಿಗೇ.

ಭಾರತದಲ್ಲಿ ನಮ್ಮ ಏರ್ಪಾಡು ಬೇರೆ. ರಕ್ಷಣೆ ಬೇಕಾದ ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಇಲ್ಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಕೋರ್ಟಿನ ಕಟಕಟೆಯ ತನಕ ಹೋಗಬೇಕಾಗಿ ಬರುವುದು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಪ್ರಕರಣಗಳ ಮಕ್ಕಳಿಗೆ. ಅವರ ಜೊತೆಗೆ ನಿಲ್ಲಲು ನಮ್ಮ ಕಾನೂನಿನಲ್ಲೂ ಒಂದು ಸ್ಥಾನವಿದೆ: ಬೆಂಬಲ ವ್ಯಕ್ತಿ. ಮಗುವೂ ಪೋಷಕರೂ ಒಪ್ಪಿದರೆ ಕಲ್ಯಾಣ ಸಮಿತಿ ಅವರನ್ನು ಒದಗಿಸುತ್ತದೆ. ತನಿಖೆಯಿಂದ ವಿಚಾರಣೆ ಮುಗಿಯುವವರೆಗೂ ಅವರು ಮಗುವಿನ ಜೊತೆಗಿರಬೇಕು. 2020ರ ಪೋಕ್ಸೋ ನಿಯಮಗಳ ಪ್ರಕಾರ ಸಮಿತಿ ಅವರಿಂದ ತಿಂಗಳಿಗೊಮ್ಮೆ ವರದಿ ತರಿಸಿಕೊಳ್ಳಬೇಕು. ಇದು ಸಿಯಾಟಲ್‌ನ ನಕಲಲ್ಲ, ಕೆಲಸದ ಸ್ವರೂಪವೂ ಒಂದೇ ಅಲ್ಲ. ಮಗುವಿನ ಕಡೆಯವರು ಯಾರು ಎಂಬ ಪ್ರಶ್ನೆ ಮಾತ್ರ ಅದೇ. ಈ ಸ್ಥಾನ ಕಾಗದದಲ್ಲೇ ಉಳಿಯಬಾರದೆಂದು 2023ರಲ್ಲಿ ನಮ್ಮ ಸುಪ್ರೀಂ ಕೋರ್ಟು ಉತ್ತರ ಪ್ರದೇಶದ ಪ್ರಕರಣವೊಂದರ ವಿಚಾರಣೆಯಲ್ಲಿ ನಿರ್ದೇಶನಗಳನ್ನು ಕೊಟ್ಟಿತು.

ಬೆಂಬಲ ವ್ಯಕ್ತಿಗಳ ಹೆಸರಿನ ಪಟ್ಟಿ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಇರಬೇಕು. ಸಮಾಜಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಅಥವಾ ಮಕ್ಕಳ ಬೆಳವಣಿಗೆ ಓದಿದವರು, ಮಕ್ಕಳ ನಡುವೆ ಕೆಲಸ ಮಾಡಿದ ಅನುಭವ ಇರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಜಿಲ್ಲೆಯ ಘಟಕಕ್ಕೆ ಹೋಗಿ ವಿಚಾರಿಸಿ. ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆ ಎಂದು ಕೇಳಿ, ಅರ್ಹತೆಯಿದ್ದರೆ ನಿಮ್ಮದನ್ನೂ ಸೇರಿಸಿ. ಉಳಿದವರು 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಪಕ್ಕದ ಮನೆಯ ಮಗುವಿನ ಅಳು ದಿನಾ ಕೇಳಿಸುತ್ತಿದ್ದರೆ ಕರೆ ಮಾಡಿ.