ಗ್ಯಾಸಿನ ವಾಸನೆ ಗ್ಯಾಸಿನದ್ದಲ್ಲ

ಮುಂಬಯಿಯ ಮುಲುಂಡಿನಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮಲ್ಲಿ ಸಿಲಿಂಡರ್ ಹೋಗಿ ಪೈಪ್ ಗ್ಯಾಸ್ ಬಂತು. ಮೊನ್ನೆ ಅಡುಗೆಮನೆಯಲ್ಲಿ ಕೊಳೆತ ಕೋಸಿನಂಥ ನಾತ. ಕೆಟ್ಟ ಗಾಳಿ ಹೊಕ್ಕಿದೆ ಅಂತ ಅತ್ತೆ ಊದಿನಕಡ್ಡಿ ಹಚ್ಚಲು ಹೊರಟರು, ತಡೆದೆ. ಈ ಗ್ಯಾಸ್ ಇಷ್ಟೊಂದು ನಾರುವುದೇಕೆ?’

ತಡೆದಿರಲ್ಲ, ದೊಡ್ಡ ಉಪಕಾರ! ಕೆಟ್ಟ ಗಾಳಿ, ಪೀಡೆ ಎಂದುಕೊಂಡು ಇಂಥ ಹೊತ್ತಿನಲ್ಲಿ ಕಡ್ಡಿ ಗೀರುವ ನಂಬಿಕೆ ಮನೆಯನ್ನೇ ಸುಡಬಲ್ಲದು. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಬೆರೆತರೆ ಒಂದು ಕಿಡಿ ಸಾಕು.

ಇನ್ನು ನಾತದ ವಿಷಯ. ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಅದಕ್ಕೆ ವಾಸನೆಯೇ ಇಲ್ಲ. ಈ ಅನಿಲ ನಮಗೆ ಹೊಸದೇನಲ್ಲ. 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ ನಮ್ಮ ಪಡುವಣ ಕಡಲಲ್ಲಿ ಬಾಂಬೆ ಹೈ ನಿಕ್ಷೇಪವನ್ನು ಪತ್ತೆ ಮಾಡಿತು; ಅಲ್ಲಿನ ಅನಿಲ ಉರಣದಲ್ಲಿ ದಡ ಸೇರುತ್ತದೆ. ಮುಂಬಯಿಯ ಟ್ಯಾಕ್ಸಿ, ರಿಕ್ಷಾಗಳು ಇಂಥ ಅನಿಲವನ್ನೇ 200 ಬಾರ್ ಒತ್ತಡದಲ್ಲಿ ತುಂಬಿಕೊಂಡು ಓಡುತ್ತವೆ. ಟ್ರಾಂಬೆಯ ಆರ್‌ಸಿಎಫ್ ರಸಗೊಬ್ಬರ ಕಾರ್ಖಾನೆಯಲ್ಲಂತೂ ಅದು ಬರೀ ಉರುವಲಲ್ಲ, ಕಚ್ಚಾವಸ್ತು. ಅದರ ಹೈಡ್ರೋಜನ್ನಿಗೆ ಗಾಳಿಯ ಸಾರಜನಕ ಕೂಡಿ ಅಮೋನಿಯಾ, ಅದರಿಂದ ಯೂರಿಯಾ. ಅನ್ನ ಬೇಯುವುದಕ್ಕಷ್ಟೇ ಅಲ್ಲ, ಭತ್ತ ಬೆಳೆಯುವುದಕ್ಕೂ ಗ್ಯಾಸ್ ಬೇಕು!

ಮತ್ತೆ ವಾಸನೆಗೆ ಬರೋಣ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯ ನೆಲದಡಿ ಸೋರಿದ್ದು ಇದೇ ವಾಸನೆಯಿಲ್ಲದ ಅನಿಲ. ಯಾರಿಗೂ ಸುಳಿವು ಸಿಗಲಿಲ್ಲ. ಸಿಡಿದಾಗ ಸುಮಾರು 300 ಮಕ್ಕಳು, ಶಿಕ್ಷಕರು ಸತ್ತರು. ಆಮೇಲೆ ಅಲ್ಲಿ ಗ್ಯಾಸಿಗೆ ನಾತ ಬೆರೆಸುವುದು ಕಡ್ಡಾಯವಾಯಿತು. ನಿಮ್ಮ ಮೂಗಿಗೆ ಬಡಿದದ್ದು ಹಾಗೆ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. ನೂರು ಕೋಟಿ ಪಾಲು ಗಾಳಿಯಲ್ಲಿ ಅದರ ಒಂದೆರಡು ಪಾಲಿದ್ದರೂ ಮನುಷ್ಯರ ಮೂಗು ಹಿಡಿಯುತ್ತದೆ. ಎಂಥ ಸೂಕ್ಷ್ಮ!

ನನಗೆ ಇನ್ನೂ ಖುಷಿ ಕೊಡುವ ಸಂಗತಿಯೊಂದಿದೆ. ಕೊಳೆಯುವ ಹೆಣದಿಂದಲೂ ಮರ್ಕ್ಯಾಪ್ಟನ್ ಹೊರಡುತ್ತದೆ. ಹಾಗಾಗಿ ಅಮೆರಿಕದ ಟರ್ಕಿ ರಣಹದ್ದುಗಳು ಊಟ ಸಿಕ್ಕಿತೆಂದು ಸೋರುವ ಗ್ಯಾಸ್ ಕೊಳವೆಯ ಮೇಲೆ ಸುತ್ತುತ್ತವೆ. 1930ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಕೊಳವೆ ಕೆಲಸಗಾರರು ಹದ್ದು ನೋಡಿ ತೂತು ಹುಡುಕಿದ್ದರು. ನಮ್ಮ ಮಲಬಾರ್ ಹಿಲ್ಲಿನಲ್ಲಿ ಪಾರ್ಸಿಗಳು ಶವಗಳನ್ನಿಡುವ ಡೂಂಗರ್‌ವಾಡಿಗೆ ಹಿಂದೆ ಇಳಿಯುತ್ತಿದ್ದ ರಣಹದ್ದುಗಳಿಂದ ಈ ಕೆಲಸ ಆಗುತ್ತಿರಲಿಲ್ಲ. ಅವು ನೆಚ್ಚಿದ್ದು ಕಣ್ಣನ್ನು.

ಮುಂಬಯಿಯಲ್ಲಿ ಆ ಕೆಲಸ ನಮ್ಮ ಮೂಗಿನದೇ. 2019ರ ಸೆಪ್ಟೆಂಬರ್ 19ರ ರಾತ್ರಿ ಚೆಂಬೂರು, ಪವಾಯಿ, ಅಂಧೇರಿಯ ಜನ ಗ್ಯಾಸ್ ವಾಸನೆಯೆಂದು ಒಂದೇ ಸಮನೆ ಫೋನು ಮಾಡಿದರು. ತನ್ನ ಕೊಳವೆಗಳಲ್ಲಿ ಸೋರಿಕೆಯಿಲ್ಲವೆಂದು ಗ್ಯಾಸ್ ಪೂರೈಸುವ ಮಹಾನಗರ್ ಗ್ಯಾಸ್ ಕಂಪನಿ ಹೇಳಿತು. ಆದರೂ ಅಷ್ಟು ಮಂದಿ ಫೋನು ಎತ್ತಿಕೊಂಡದ್ದೇ ಸರಿ.

ಒಂದು ಮಾತು ನೆನಪಿಡಿ: ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ‘ಈಗ ಬರ್ತಿಲ್ಲ’ ಎಂದು ಸುಮ್ಮನಾಗಬೇಡಿ. ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ. ಸ್ವಿಚ್ ಮುಟ್ಟದೆ ಹೊರಗೆ ಹೋಗಿ ಫೋನು ಮಾಡಿ. ಅತ್ತೆಯವರ ಊದಿನಕಡ್ಡಿ ಸಂಜೆಗಿರಲಿ.